ಎರಡು ಗಂಟೆಯ ದಾರಿ

ಕೊಡಗಿನಲ್ಲಿ ಕೋವಿಗೆ ಬೇಟೆಯೊಂದೇ ಕೆಲಸವಲ್ಲ. ಅದು ಸುದ್ದಿಯನ್ನೂ ಹೇಳುತ್ತದೆ. ಐನ್‌ಮನೆಯ ಅಂಗಳದಲ್ಲಿ ಒಂದು ಗುಂಡು ಹಾರಿತೆಂದರೆ ಆ ಮನೆಯಲ್ಲಿ ಗಂಡು ಕೂಸು ಹುಟ್ಟಿತೆಂದು ಅರ್ಥ. ಒಂದರ ಬೆನ್ನಿಗೇ ಇನ್ನೊಂದು ಹಾರಿದರೆ ಸಾವಾಗಿದೆ ಎಂದು ಅರ್ಥ. ಗದ್ದೆ ಬಯಲಿನ ಆಚೆ, ಗುಡ್ಡದ ಮರೆಯಲ್ಲಿರುವ ನೆರೆಯವರು ಮೊದಲ ಸದ್ದು ಕೇಳಿದೊಡನೆ ಕೈಕೆಲಸ ನಿಲ್ಲಿಸಿ, ಎರಡನೆಯದು ಬರುತ್ತದೆಯೋ ಏನೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಬಂದರೆ ಹೊರಡಲೇಬೇಕು, ಸಾವಿನ ಮನೆಗೆ ಊರಿನವರು ಒದಗುವುದು ಅಲ್ಲಿಯ ಕಟ್ಟಳೆ. ದೇಶವನ್ನು ನಿರಾಯುಧಗೊಳಿಸುವ ಕಾನೂನಿನಿಂದ ಬ್ರಿಟಿಷ್ ಸರಕಾರ 1861ರಲ್ಲಿ ಕೊಡಗರಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಇಂದಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಹೀಗಾಗಿ ಗುಂಡಿನ ಭಾಷೆ ಅಲ್ಲಿ ಅಳಿದುಹೋಗಲಿಲ್ಲ.

ಆದರೆ ಆ ಭಾಷೆಯಲ್ಲಿ ಒಂದು ಮಾತು ಇಲ್ಲ. ನೋವು ಶುರುವಾಗಿ ಎರಡು ಹಗಲು ಕಳೆದರೂ ಕೂಸು ಹೊರಬಾರದಿದ್ದಾಗ, ಅಥವಾ ಕೂಸು ಬಂದು ಕಸ ಬೀಳದೆ ರಕ್ತ ಹರಿಯತೊಡಗಿದಾಗ, "ಬನ್ನಿ, ಕೈಗೂಡಿಸಿ" ಎಂದು ಕರೆಯುವುದಕ್ಕೆ ಗುಂಡಿಲ್ಲ. ಹುಟ್ಟಿಗೆ ಒಂದು, ಸಾವಿಗೆ ಎರಡು. ನಡುವಿನ ರಾತ್ರಿಗೆ ಏನೂ ಇಲ್ಲ. ಕೊಡಗಿನ ಚರಿತ್ರೆಯೆಂದರೆ ಹಾಲೇರಿ ಅರಸರು, ಟಿಪ್ಪುವಿನ ದಂಡು, 1834ರಲ್ಲಿ ಚಿಕ್ಕವೀರರಾಜನ ಪತನ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆ ನಡುವಿನ ರಾತ್ರಿಗೂ ಒಂದು ಚರಿತ್ರೆ ಉಂಟು. ಅದು ಬಹುಮಟ್ಟಿಗೆ ದಾರಿಗಳ ಚರಿತ್ರೆ.

ಮೊದಲು ಮನೆಯೊಳಗಿನ ಮಾತು. ಜರ್ಮನ್ ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಗಂಡು ಮಗು ಹುಟ್ಟಿದಾಗಿನ ಪದ್ಧತಿಯ ವರ್ಣನೆ ಇದೆ. ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ, ಅದೇ ಗಿಡದ ಎಲೆಯ ತೊಟ್ಟನ್ನು ಬಾಣವಾಗಿಸಿ ಕೂಸಿನ ಕೈಗೆ ಮುಟ್ಟಿಸುವುದು, ಅದೇ ಹೊತ್ತಿಗೆ ಅಂಗಳದಲ್ಲಿ ಗುಂಡು ಹಾರಿಸುವುದು. ತಾಯಿಗೆ ಹನ್ನೆರಡು ದಿನ ಸೂತಕ, ಆಮೇಲೆ ನಾಮಕರಣ. ಬಾಣಂತಿತನ ಮುಗಿಸಿ ಬಾವಿಯ ಬಳಿ ಗಂಗಾಪೂಜೆ ಮಾಡಿ ನೀರು ತಂದಾಗಲೇ ಆಕೆ ಮತ್ತೆ ಮನೆಯ ಕೆಲಸಕ್ಕೆ ಸೇರಿದ ಲೆಕ್ಕ. ಹತ್ತು ಮಕ್ಕಳನ್ನು ಹೆತ್ತು ಸಾಕಿದ ತಾಯಿಗೆ ಮದುವಣಗಿತ್ತಿಯಂತೆ ಮಂಗಲ ಮಾಡಿ ಗೌರವಿಸುವ ಪದ್ಧತಿಯೂ ಕೊಡವರಲ್ಲಿತ್ತು. ಇದನ್ನು ಓದಿದಾಗ ಸಂತೋಷವಾಗುತ್ತದೆ, ನಿಜ. ಆದರೆ ಹತ್ತು ಹೆರಿಗೆಗಳಿಂದ ಹತ್ತು ಸಲ ಬದುಕಿ ಎದ್ದುಬಂದವಳಿಗೆ ಯೋಧನಿಗೆ ಸಲ್ಲುವಂಥ ಮರ್ಯಾದೆ ಸಲ್ಲಿಸಬೇಕೆಂದು ಒಂದು ಸಮಾಜಕ್ಕೆ ತೋಚಬೇಕಾದರೆ, ಹಾಗೆ ಎದ್ದುಬರುವುದು ಎಷ್ಟು ಅಪರೂಪವಾಗಿದ್ದಿರಬೇಕು!

ಸೂಲಗಿತ್ತಿಯರನ್ನು ಹೀಗಳೆಯುವುದು ಸುಲಭ, ಅದು ನ್ಯಾಯವಲ್ಲ. ನೂರಕ್ಕೆ ಎಂಬತ್ತೈದರಷ್ಟು ಹೆರಿಗೆಗಳು ಯಾರ ತೊಡಕೂ ಇಲ್ಲದೆ ತಾವಾಗಿ ಸಾಗುವಂಥವು. ಅಂಥಲ್ಲಿ ಬೇಕಾದದ್ದು ತಾಳ್ಮೆ, ಧೈರ್ಯ ಹೇಳುವ ಬಾಯಿ, ಬಿಸಿನೀರು, ಅನುಭವದ ಕೈ. ಇವೆಲ್ಲವೂ ಅವರಲ್ಲಿದ್ದುವು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅಕ್ಷರ ಬಾರದ ಆ ತಾಯಿಯ ವಿದ್ಯೆ ಕೊಡಗಿನ ಗುಡ್ಡಗಳಲ್ಲಿಯೂ ಹೆಸರಿಲ್ಲದ ನೂರಾರು ಹೆಂಗಸರ ಕೈಯಲ್ಲಿತ್ತು. ಉಳಿದ ಹದಿನೈದರ ಮಾತು ಬೇರೆ. ಅಡ್ಡ ಬಿದ್ದ ಕೂಸು, ಇಕ್ಕಟ್ಟಾದ ಕಟಿ, ಬಸುರಿನ ಕೊನೆಯ ದಿನಗಳಲ್ಲಿ ಕಾಲು ಮುಖ ಊದಿಕೊಂಡು ಥಟ್ಟನೆ ಬರುವ ಸೆಳವು, ನಿಲ್ಲದ ರಕ್ತಸ್ರಾವ. ಸುಶ್ರುತ ಸಂಹಿತೆ ಮೂಢಗರ್ಭವೆಂದು ಇಂಥ ತೊಡಕಿನ ಹೆರಿಗೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ. ಆದರೆ ಸಂಹಿತೆ ಬಲ್ಲ ವೈದ್ಯ ಗಂಡಸು. ಅವನಿಗೆ ಕೋಣೆಯ ಹೊರಗಿನ ಜಗಲಿಯೇ ಗತಿ. ಒಳಗಿದ್ದವಳಿಗೆ ಗ್ರಂಥವಿರಲಿಲ್ಲ.

ಇನ್ನು ಹೊರಗಿನ ಮಾತು, ಅಂದರೆ ಮಳೆಯ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 125 ಅಂಗುಲ ಮಳೆ. ಭಾಗಮಂಡಲದಲ್ಲಿ ಅದರ ಒಂದೂಮುಕ್ಕಾಲು ಪಾಲು. ಇದರ ಬಹುಭಾಗ ಬೀಳುವುದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಕಾವೇರಿಗೆ ಕನ್ನಿಕೆ ಕೂಡುವ ಭಾಗಮಂಡಲದಲ್ಲಿ ಹೊಳೆ ಉಕ್ಕಿ ನಾಪೋಕ್ಲಿನ ರಸ್ತೆ ನೀರಿನಡಿ ಹೋಗುವುದು ಪ್ರತಿವರ್ಷದ ಸುದ್ದಿಯಾಗಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಹಳೆಯ ಕಾಲದಲ್ಲಿ ಮನೆಯಿಂದ ಮನೆಗೆ ಸಂಪರ್ಕ ಕಷ್ಟ. ಆ ತಿಂಗಳ 18ನೆಯ ದಿನ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡಿ ತಿನ್ನುತ್ತಾರೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬಿಕೆ. ಹೊರಗಿನಿಂದ ಮದ್ದು ಬರುವಂತಿಲ್ಲದ ತಿಂಗಳಿನಲ್ಲಿ ಹಿತ್ತಿಲಿನ ಸೊಪ್ಪನ್ನೇ ಮದ್ದೆಂದು ಹಿರಿಯರು ಹಬ್ಬ ಮಾಡಿದ್ದು ನನಗಂತೂ ಅರ್ಥವಾಗುತ್ತದೆ. ಹೆರಿಗೆಗೆ ಮಾತ್ರ ತಿಂಗಳ ಲೆಕ್ಕವಿಲ್ಲ. ಸುಗ್ಗಿ ಮುಗಿದು ಬಿಡುವಾದ ಕಾಲದಲ್ಲಿ ಮದುವೆಯಾದವರ ಮನೆಗಳಲ್ಲಿ ಕಕ್ಕಡದಲ್ಲಿಯೂ ತೊಟ್ಟಿಲು ಕಟ್ಟಬೇಕಾಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಹೆರಿಗೆಯ ಗಂಡಾಂತರಗಳಲ್ಲಿ ಯಾವುದು ಎಷ್ಟು ಹೊತ್ತಿನಲ್ಲಿ ಪ್ರಾಣ ತೆಗೆಯುತ್ತದೆ ಎಂಬುದನ್ನು ಈಚಿನ ವೈದ್ಯವಿದ್ವಾಂಸರು ಸರಾಸರಿಯಾಗಿ ಅಂದಾಜು ಮಾಡಿದ್ದಾರೆ. ಚಿಕಿತ್ಸೆ ಸಿಗದೆ ಹೋದರೆ, ಗರ್ಭಾಶಯದ ನಂಜು ಸುಮಾರು ಆರು ದಿನ ಕಾಯುತ್ತದೆ. ತಡೆಹಿಡಿದ ಹೆರಿಗೆ ಮೂರು ದಿನ. ಸೆಳವು ಎರಡು ದಿನ. ಹೆರಿಗೆಗೆ ಮೊದಲಿನ ರಕ್ತಸ್ರಾವ ಹನ್ನೆರಡು ಗಂಟೆ. ಹೆರಿಗೆಯಾದ ಮೇಲಿನ ರಕ್ತಸ್ರಾವ ಎರಡೇ ಗಂಟೆ. ಈಗ ಇನ್ನೊಂದು ಗಡಿಯಾರ ನೋಡಿ. ಎತ್ತಿನ ಗಾಡಿ ಗಂಟೆಗೆ ಎರಡು ಮೈಲಿ ಸಾಗುತ್ತದೆ. ಘಟ್ಟದ ಏರಿನಲ್ಲಿ ಅದೂ ಇಲ್ಲ. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 24 ಮೈಲಿ: ಎಡೆಬಿಡದೆ ನಡೆದರೆ ಹನ್ನೆರಡು ಗಂಟೆ. ಮಡಿಕೇರಿಯಿಂದ ಮೈಸೂರಿಗೆ 75 ಮೈಲಿ: ಎತ್ತುಗಳಿಗೆ ವಿಶ್ರಾಂತಿ ಕೊಟ್ಟರೆ ಮೂರು ದಿನ. ಎರಡು ಗಂಟೆಯಲ್ಲಿ ಗಾಡಿ ಸಾಗುವುದು ನಾಲ್ಕು ಮೈಲಿ. ಗಾಡಿಯೂ ಹೋಗದ ಕಡೆ ಬಿದಿರ ಗಳುವಿಗೆ ಕಂಬಳಿ ಕಟ್ಟಿ, ಜೋಲಿಯಲ್ಲಿ ಮಲಗಿಸಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೊತ್ತು ನಡೆಯಬೇಕು. ಇದು ಯಾರ ಪ್ರೀತಿಯ ಕೊರತೆಯೂ ಅಲ್ಲ, ಯಾರ ಮೌಢ್ಯವೂ ಅಲ್ಲ. ಬರಿಯ ಗುಣಾಕಾರ, ಭಾಗಾಕಾರ.

ಅರಮನೆಯಲ್ಲಿದ್ದವರಿಗಾದರೂ ಸುಖವಿತ್ತೇ? ದೊಡ್ಡವೀರರಾಜೇಂದ್ರ 1796ರಲ್ಲಿ ನಾಲ್ಕುನಾಡಿನ ಅರಮನೆಯಲ್ಲಿ ಮಹದೇವಮ್ಮಾಜಿಯನ್ನು ವರಿಸಿದ. ಕಾಡಿನ ನಡುವಿನ ಆ ಅರಮನೆಯ ಮುಂದೆ ಇರುವ ಪುಟ್ಟ ಮಂಟಪವನ್ನು ಇಂದಿಗೂ ಆ ಮದುವೆಯ ಮಂಟಪವೆಂದು ತೋರಿಸುತ್ತಾರೆ. ರಾಣಿಗೆ ಹೆಣ್ಣು ಮಕ್ಕಳಾದರು, ಗಂಡು ಸಂತಾನವಾಗಲಿಲ್ಲ. 1807ರಲ್ಲಿ ಆಕೆ ತೀರಿಕೊಂಡಳು. ಟಿಪ್ಪುವನ್ನು ಎದುರಿಸಿ ನಿಂತಿದ್ದ ಅರಸನ ಬುದ್ಧಿ ಆ ಸಾವಿನಿಂದಾಚೆಗೆ ಕದಡಿಹೋಯಿತೆಂದೂ, ಅನುಮಾನ ಬಂದವರನ್ನೆಲ್ಲ ಕೊಲ್ಲಿಸತೊಡಗಿದನೆಂದೂ ಅಂದಿನ ವೃತ್ತಾಂತಗಳು ಹೇಳುತ್ತವೆ. ಹಿರಿಯ ಮಗಳು ದೇವಮ್ಮಾಜಿಯನ್ನೇ ಉತ್ತರಾಧಿಕಾರಿಯೆಂದು ಕಂಪನಿ ಸರಕಾರ ಒಪ್ಪಬೇಕೆಂದು ಅವನು ಹೆಣಗಿದ. 1809ರಲ್ಲಿ ಅವನು ಸತ್ತ ಎರಡೇ ವರ್ಷಕ್ಕೆ ತಮ್ಮ ಲಿಂಗರಾಜ ಪಟ್ಟವನ್ನು ಕೈವಶ ಮಾಡಿಕೊಂಡ. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜನೂ ಮಹದೇವಮ್ಮಾಜಿಯೂ ಒಂದೇ ಗುಮ್ಮಟದ ಕೆಳಗಿದ್ದಾರೆ. ಗಂಡು ಹೆರಲಿಲ್ಲವೆಂಬ ಭಾರವನ್ನು ಹೊತ್ತ ರಾಣಿಯರ ಮನಸ್ಸಿನಲ್ಲಿ ಏನಿತ್ತೆಂದು ಯಾವ ರಾಜೇಂದ್ರನಾಮೆಯೂ ಬರೆದಿಡುವುದಿಲ್ಲ.

ಇಂಗ್ಲಿಷರ ಆಡಳಿತ ಬಂದಮೇಲೆ ದಾರಿಗಳು ಬಂದುವು. ಅದು ದಂಡಿಗಾಗಿ, ಆಮೇಲೆ ಕಾಫಿಗಾಗಿ. 1854ರಲ್ಲಿ ಫೌಲರ್ ಎಂಬವನು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ. ಮಡಿಕೇರಿ, ವಿರಾಜಪೇಟೆಗಳಲ್ಲಿ ಆಸ್ಪತ್ರೆಗಳಾದುವು. ಗಂಡಸು ಡಾಕ್ಟರಿಗೆ ಹೆಂಗಸು ಕೈ ತೋರಿಸುವ ಕಾಲ ಮಾತ್ರ ಇನ್ನೂ ಬಂದಿರಲಿಲ್ಲ. ಈ ತೊಡಕು ಕೊಡಗಿನದಷ್ಟೇ ಅಲ್ಲ, ಇಡೀ ದೇಶದ್ದು. 1881ರಲ್ಲಿ ಪನ್ನಾ ಸಂಸ್ಥಾನದ ರಾಣಿಗೆ ಚಿಕಿತ್ಸೆ ಮಾಡಿದ ಎಲಿಜಬೆತ್ ಬೀಲ್ಬಿ ಎಂಬ ಮಿಷನ್ ವೈದ್ಯೆಯ ಕೈಯಲ್ಲಿ ಆ ರಾಣಿ ವಿಕ್ಟೋರಿಯಾ ಮಹಾರಾಣಿಗೆ ಒಂದು ಸಂದೇಶ ಕಳಿಸಿದಳು. ಇಲ್ಲಿಯ ಹೆಂಗಸರು ಕಾಯಿಲೆಯಲ್ಲಿ ಪಡುವ ಪಾಡೇನೆಂದು ನಿಮಗೆ ತಿಳಿಯಲಿ ಎಂಬುದು ಅದರ ಸಾರ. ಅದರ ಫಲವಾಗಿ 1885ರಲ್ಲಿ ವೈಸರಾಯನ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿತು. ಹೆಂಗಸರಿಗೆ ಹೆಂಗಸರೇ ವೈದ್ಯರು, ದಾದಿಯರು ಆಗಬೇಕೆಂಬುದು ಅದರ ಉದ್ದೇಶ. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಇನ್ನೊಂದು ನಿಧಿ ಸ್ಥಾಪಿಸಿದಳು. ಪ್ರಸಂಗವಶಾತ್ ಒಂದು ಮಾತು: ಇದೇ ವಿಕ್ಟೋರಿಯಾ 1852ರಲ್ಲಿ ಕೊಡಗಿನ ಪದಚ್ಯುತ ಅರಸನ ಮಗಳು ಗೌರಮ್ಮನ ದೀಕ್ಷಾಸ್ನಾನದಲ್ಲಿ ಧರ್ಮಮಾತೆಯಾಗಿ ನಿಂತಿದ್ದಳು. ಅರಮನೆಯಲ್ಲಿ ಒಬ್ಬಳೇ ಕೊಡಗಿನ ಹುಡುಗಿ ಕಂಡಿದ್ದಳು. ಗುಡ್ಡದ ಮೇಲಿನ ಸಾವಿರಾರು ಜನ ಕಾಣುವಂತಿರಲಿಲ್ಲ.

ಹೊರಗಿನ ನೆರವು ಕೊಡಗನ್ನು ಸುತ್ತುವರಿದು ಬಂತೇ ಹೊರತು ಬೇಗನೆ ಒಳಹೊಗಲಿಲ್ಲ. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು, ತೆರೆಯಿತು. 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ಕಟ್ಟಿದಳು. ಮಂಗಳೂರಿನಲ್ಲಿ ಲೇಡಿ ಗೋಷನ್, ಮೈಸೂರಿನಲ್ಲಿ ಚೆಲುವಾಂಬ, 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ. ನಕಾಶೆಯ ಮೇಲೆ ಇವುಗಳಿಗೆ ಗುರುತು ಹಾಕಿ ನಡುವೆ ಕೊಡಗನ್ನು ನೋಡಿದರೆ, ಯಾವ ದಿಕ್ಕಿಗೆ ಹೊರಟರೂ ಒಂದು ಘಟ್ಟವನ್ನೋ ಒಂದು ಕಾಡನ್ನೋ ದಾಟಬೇಕು. ರೈಲು ಹಳಿಯಂತೂ ಇಂದಿಗೂ ಅಲ್ಲಿಗೆ ಬಂದಿಲ್ಲ.

ಈ ಅವಧಿಯ ಜನಗಣತಿಯನ್ನು ತೆರೆದು ನೋಡಿದವರಿಗೆ ಅಚ್ಚರಿಯಾಗುತ್ತದೆ. 1901ರಲ್ಲಿ ಕೊಡಗಿನ ಜನ 1,80,000ಕ್ಕೆ ತುಸು ಮೇಲು. 1911ರಲ್ಲಿ ಸುಮಾರು 1,75,000. 1921ರಲ್ಲಿ 1,64,000ಕ್ಕೂ ಕೆಳಗೆ. 1931ರಲ್ಲಿ ಇನ್ನೂ ಒಂದಿಷ್ಟು ಕಡಿಮೆ. ಸುತ್ತಲಿನ ಸೀಮೆಗಳು ಬೆಳೆಯುತ್ತಿದ್ದಾಗ ಈ ನಾಡು ಮೂವತ್ತು ವರ್ಷ ಕುಗ್ಗುತ್ತ ಬಂತು. ಕಾಫಿಯ ಬೆಲೆ ಇಳಿದು ತೋಟಗಳು ಪಾಳುಬಿದ್ದು ಕೂಲಿಯವರು ಊರಿಗೆ ಮರಳಿದ್ದು ಇದಕ್ಕೆ ಒಂದು ಕಾರಣ. 1918ರ ಇನ್‌ಫ್ಲುಯೆಂಜಾ ಇನ್ನೊಂದು. ಆ ಜ್ವರ ಲೋಕದಲ್ಲೆಲ್ಲ ಬಸುರಿಯರನ್ನು ವಿಶೇಷವಾಗಿ ಬಲಿ ತೆಗೆದುಕೊಂಡದ್ದು ವೈದ್ಯರಿಗೆ ಗೊತ್ತಿರುವ ವಿಷಯ. ಮೂರನೆಯದು ಕೊಡಗಿನ ಹಳೆಯ ಹಗೆ, ಮಲೇರಿಯಾ. ಮುಂಗಾರಿಗೆ ಮೊದಲಿನ ತಿಂಗಳುಗಳಲ್ಲಿ ತಗ್ಗಿನ ತೋಟಗಳಲ್ಲಿ ಚಳಿಜ್ವರ ಹಬ್ಬುತ್ತಿತ್ತು. ಬಸುರಿಯಾದವಳಿಗೆ ಮಲೇರಿಯಾ ಎಲ್ಲರಿಗಿಂತ ಕೆಟ್ಟದ್ದು. ಅದು ಗರ್ಭವನ್ನು ಕೆಡಿಸುತ್ತದೆ. ಕೆಡಿಸದಿದ್ದರೆ ರಕ್ತವನ್ನು ಬತ್ತಿಸುತ್ತದೆ. ಮೊದಲೇ ರಕ್ತಹೀನಳಾದವಳಿಗೆ ಹೆರಿಗೆಯಲ್ಲಿ ಹೋಗುವ ಅರ್ಧ ಸೇರು ರಕ್ತವೇ ಸಾಕು. ಎರಡು ಗಂಟೆ ಎಂದೆನಲ್ಲ, ಅವಳ ಪಾಲಿಗೆ ಅಷ್ಟೂ ಇಲ್ಲ.

ಈ ಸಂಖ್ಯೆಗಳ ಒಳಗೆ ಎಲ್ಲರೂ ಸಮನಾಗಿ ಕಾಣಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಪಾದ್ರಿಗಳೂ ಅಧಿಕಾರಿಗಳೂ ಬರೆದಿಟ್ಟದ್ದು ಐನ್‌ಮನೆಯ ಬಾಣಂತಿಯ ಕಥೆ. ಅದೇ ಮನೆಯ ಗದ್ದೆ ನೆಟ್ಟ ಎರವರ, ಹೊಲೆಯರ ಹೆಂಗಸರು, ಕಾಡಿನ ಹಾಡಿಗಳ ಜೇನುಕುರುಬರ ಹೆಂಗಸರು, ಘಟ್ಟದ ಕೆಳಗಿನಿಂದ ತೋಟದ ಲೈನು ಮನೆಗಳಿಗೆ ಬಂದ ಕೂಲಿ ಹೆಂಗಸರು ಎಲ್ಲಿ ಹೆತ್ತರು, ಹೇಗೆ ಹೆತ್ತರು ಎಂಬುದು ಸಾಲು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅವರ ಮನೆಗಳಲ್ಲಿ ಹಾರಿಸಲು ಕೋವಿಯೂ ಇರಲಿಲ್ಲ.

ಒಕ್ಕಲ ಮನೆಗಳಿಗೆ ಒಂದು ಆಸರೆಯಿತ್ತು: ಒಕ್ಕ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಗಂಡ ದಂಡಿನಲ್ಲಿದ್ದರೆ, ಕೊಡಗಿನಲ್ಲಿ ಅದು ಮನೆಗೊಂದು ಮಾತು, ರಜೆ ಸಿಕ್ಕಿ ಅವನು ಬರುವುದರೊಳಗೆ ಎಲ್ಲವೂ ಮುಗಿದಿರುತ್ತಿತ್ತು. ಟಪಾಲು ಕಚೇರಿಯಿಂದ ತಂತಿ ಹೋದರೂ ಗಡಿಯ ಠಾಣೆಯಿಂದ ಊರಿಗೆ ವಾರದ ಪಯಣ. ಹಾಗಾದಾಗ ಗಂಡನ ಅಣ್ಣ ತಮ್ಮಂದಿರು ಜೋಲಿ ಹೊರುವರು. ಓರಗಿತ್ತಿ ಉಳಿದ ಮಕ್ಕಳಿಗೆ ಗಂಜಿ ಕಾಯಿಸುವಳು. ದನಗಳನ್ನು ನೆರೆಯವರು ಕಟ್ಟುವರು. ತಾಯಿ ಉಳಿಯದೆ ಕೂಸು ಉಳಿದರೆ, ಅದೇ ಮನೆಯಲ್ಲಿ ಎಳೆಗೂಸಿನ ಇನ್ನೊಬ್ಬ ತಾಯಿ ಇದ್ದರೆ ಇದೂ ಅವಳ ಮಡಿಲಿಗೆ. ಆದರೆ ಆಸರೆಯಿದ್ದಲ್ಲಿ ತಡವೂ ಇರುತ್ತದೆ. ಆಸ್ಪತ್ರೆಗೆ ಒಯ್ಯುವುದೋ ಬೇಡವೋ ಎಂಬುದನ್ನು ಹಿರಿಯರು ಕೂತು ತೀರ್ಮಾನಿಸಬೇಕು. ದೇವರಿಗೆ ಹರಕೆ ಕಟ್ಟಿ ಬೆಳಗಿನವರೆಗೆ ನೋಡೋಣ ಎಂದು ಒಬ್ಬರು. ಮಳೆ ನಿಲ್ಲಲಿ ಎಂದು ಇನ್ನೊಬ್ಬರು. ನೋಯುತ್ತಿರುವವಳನ್ನು ಯಾರೂ ಕೇಳುವುದಿಲ್ಲ.

1994ರಲ್ಲಿ ಸೆರೀನ್ ಥ್ಯಾಡಿಯಸ್, ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಲೋಕದ ನಾನಾ ಕಡೆಯ ಇಂಥ ಸಾವುಗಳನ್ನು ಪರಿಶೀಲಿಸಿ, ತಾಯಂದಿರು ಸಾಯುವುದು ಮೂರು ತಡಗಳಿಂದ ಎಂದು ಹೇಳಿದರು. ಹೊರಡಲು ತೀರ್ಮಾನಿಸುವುದರಲ್ಲಿ ತಡ, ತಲಪುವುದರಲ್ಲಿ ತಡ, ತಲಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡ. ಆ ಲೇಖನದಲ್ಲಿ ಕೊಡಗಿನ ಹೆಸರಿರಬೇಕಾದ ಅಗತ್ಯವಿಲ್ಲ. ಐನ್‌ಮನೆಯ ಜಗಲಿ, ಸಂಪಾಜೆಯ ಘಾಟಿ, ಆಸ್ಪತ್ರೆಯ ಬಾಗಿಲು ಎಂದು ನಾವೇ ಮೂರು ಹೆಸರು ಬರೆದುಕೊಳ್ಳಬಹುದು.

ಮೂರನೆಯ ತಡದ ವಿಷಯದಲ್ಲಿ ಒಂದು ಸತ್ಯವನ್ನು ಮರೆಯಬಾರದು. 1930ರ ದಶಕಕ್ಕೆ ಮೊದಲು ಆಸ್ಪತ್ರೆ ತಲಪಿದವರಿಗೂ ಡಾಕ್ಟರು ಮಾಡಬಹುದಾದ್ದು ಹೆಚ್ಚಿರಲಿಲ್ಲ. ಬಾಣಂತಿ ನಂಜು ವೈದ್ಯರ ಕೈಯಿಂದಲೇ ಹರಡುತ್ತದೆಂದು 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟ. ಅವನ ಮಾತನ್ನು ಅವನ ಸಹೋದ್ಯೋಗಿಗಳೇ ನಂಬಲಿಲ್ಲ. ಗರ್ಭಾಶಯವನ್ನು ಬಿಗಿಗೊಳಿಸಿ ರಕ್ತ ನಿಲ್ಲಿಸುವ ಎರ್ಗೊಮೆಟ್ರಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ್ದು 1935ರಲ್ಲಿ. ಲಂಡನ್ನಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೋಲ್‌ಬ್ರೂಕ್ ಎಂಬ ವೈದ್ಯ ಸಲ್ಫಾ ಮದ್ದಿನಿಂದ ಬಾಣಂತಿ ನಂಜನ್ನು ಗೆದ್ದದ್ದೂ ಅದೇ ಸುಮಾರಿಗೆ. ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಹೂಡಿದ ವರ್ಷವೂ 1935 ಎಂಬುದು ಕಾಕತಾಳೀಯ. ಈ ಪತ್ರಿಕೆಯ ಓದುಗರಿಗೆ ಹೇಳದಿರಲು ಮನಸ್ಸು ಬರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಪೆನಿಸಿಲಿನ್ ಬಂತು. ರಕ್ತ ಸಂಗ್ರಹಿಸಿಟ್ಟು ಕೊಡುವುದು ರೂಢಿಗೆ ಬಂತು. ಹೀಗೆ ಹತ್ತು ಹದಿನೈದು ವರ್ಷದೊಳಗೆ ಹೆರಿಗೆಯ ಸಾವು ತಪ್ಪಿಸಲಾಗದ ವಿಧಿಯಲ್ಲ, ತಪ್ಪಿಸಬಹುದಾದ ತಡ ಎಂದಾಯಿತು. ಅಂದಿನಿಂದಲೇ ದಾರಿಗೆ ಈ ಬೆಲೆ ಬಂದದ್ದು. ಆಸ್ಪತ್ರೆಯಲ್ಲಿ ಮದ್ದಿಲ್ಲದಾಗ ಹನ್ನೆರಡು ಗಂಟೆಯ ಗಾಡಿ ಪಯಣಕ್ಕೂ ಎರಡು ಗಂಟೆಯ ಮೋಟಾರು ಪಯಣಕ್ಕೂ ಅಂತರವೇನು?

ಆ ಕಾಲಕ್ಕೆ ದೇಶದ ಸ್ಥಿತಿ ಹೇಗಿತ್ತೆಂದು 1946ರ ಭೋರ್ ಸಮಿತಿಯ ವರದಿ ಹೇಳುತ್ತದೆ. ಸಾವಿರ ಹೆರಿಗೆಗೆ ಇಪ್ಪತ್ತರಂತೆ ತಾಯಂದಿರು ಸಾಯುತ್ತಿರಬೇಕೆಂದು ಅದರ ಅಂದಾಜು. 6,300 ಜನಕ್ಕೆ ಒಬ್ಬ ಡಾಕ್ಟರು. 60,000 ಜನಕ್ಕೆ ಒಬ್ಬಳು ತರಬೇತಾದ ಸೂಲಗಿತ್ತಿ. 1941ರಲ್ಲಿ ಕೊಡಗಿನ ಜನ ಸುಮಾರು 1,69,000. ಈ ಲೆಕ್ಕದಂತೆ ಇಡೀ ಕೊಡಗಿಗೆ, ಸಾವಿರದೈನೂರಕ್ಕೂ ಮಿಕ್ಕ ಚದರ ಮೈಲಿಯ ಗುಡ್ಡಗಾಡಿಗೆ, ಸಲ್ಲುವುದು ಮೂವರು ಸೂಲಗಿತ್ತಿಯರು.

ಸ್ವಾತಂತ್ರ್ಯ ಬಂದಮೇಲೆ ಕೆಲಸ ಬೇರೆ ಬೇರೆ ಕಡೆಗಳಿಂದ ಶುರುವಾಯಿತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾನೂನು ತೋಟದ ಮಾಲೀಕರು ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ, ಹೆರಿಗೆ ಭತ್ಯೆ, ಹೆಂಗಸರು ಹೆಚ್ಚಿರುವಲ್ಲಿ ಕೂಸಿನ ಮನೆ ಒದಗಿಸಬೇಕೆಂದು ವಿಧಿಸಿತು. ಲೈನು ಮನೆಯ ಹೆರಿಗೆಯನ್ನು ಸರಕಾರ ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡದ್ದು ಹೀಗೆ. ಕೂಲಿಯಾಳುಗಳು ಕಡಿಮೆಯಿರುವ ಸಣ್ಣ ತೋಟಗಳು ಆ ಕಾನೂನಿನ ಹೊರಗುಳಿದುವು. ಕೊಡಗಿನಲ್ಲಿ ಅಂಥವೇ ಬಹಳ. 1952ರಲ್ಲಿ ಕೊಡಗು ತನ್ನದೇ ಮಂತ್ರಿಮಂಡಲ ಪಡೆಯಿತು, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. ಅದೇ ವರ್ಷ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ, ಅದರ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ. ಗೋಡೆಗಳ ಮೇಲೆ ಡಿ.ಡಿ.ಟಿ. ಬಿದ್ದಿತು, ಬಸುರಿಯರ ಪಾಲಿಗೆ ಅದು ಯಾವ ಟಾನಿಕ್ಕಿಗಿಂತಲೂ ಹೆಚ್ಚಿನ ಉಪಕಾರ ಮಾಡಿತೆಂದೇ ನನ್ನ ಎಣಿಕೆ. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿಗೆ ಸೇರಿತು. ಬಿಳಿ ಸೀರೆಯುಟ್ಟು, ಕೊಡೆ ಹಿಡಿದು, ಚರ್ಮದ ಪೆಟ್ಟಿಗೆಯೊಡನೆ ಗದ್ದೆಯ ಬದುವಿನ ಮೇಲೆ ಜಿಗಣೆ ಕೀಳುತ್ತ ನಡೆದುಬರುವ ದಾದಿಯನ್ನು ಹಳಬರು ಕಂಡದ್ದು ಈ ವರ್ಷಗಳಲ್ಲಿ. ಇವರ ಪ್ರತಿಮೆ ಯಾವ ವೃತ್ತದಲ್ಲಿಯೂ ಇಲ್ಲ. ಮಡಿಕೇರಿಯ ವೃತ್ತಗಳಲ್ಲಿ ಜನರಲ್ಲುಗಳಿದ್ದಾರೆ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಜೀಪು ಬಂತು, ಬಸ್ಸು ಬಂತು. ಆದರೂ 1992–93ರಲ್ಲಿಯೂ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ ನಲವತ್ತಕ್ಕಿಂತ ಕಡಿಮೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದೇ ಸುಮಾರಿಗೆ ಊರೂರಿಗೆ ಆಶಾ ಕಾರ್ಯಕರ್ತೆಯರು, 2008ರ ನವೆಂಬರಿನಲ್ಲಿ 108 ಆಂಬುಲೆನ್ಸು. ಗುಂಡಿನ ಭಾಷೆಯಲ್ಲಿ ಇಲ್ಲದ ಮಾತಿಗೆ ಕೊನೆಗೂ ಒಂದು ಸಂಕೇತ ದೊರಕಿತು, ಮೂರು ಅಂಕಿಗಳಲ್ಲಿ. 2016ರಲ್ಲಿ ಮಡಿಕೇರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. 2001–03ರಲ್ಲಿ ರಾಜ್ಯದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ 69. ಆಸ್ಪತ್ರೆಯ ಹೆರಿಗೆ ನೂರಕ್ಕೆ 97ಕ್ಕೆ ಏರಿತು. ಅದರೊಡನೆ ಹೊಟ್ಟೆ ಕೊಯ್ದು ಮಾಡುವ ಹೆರಿಗೆ ನೂರಕ್ಕೆ 31ನ್ನು ದಾಟಿತು. ಅಷ್ಟೂ ಜನಕ್ಕೆ ಅದು ಬೇಕಿತ್ತೇ ಎಂಬುದು ಬೇರೊಂದು ಭಾಷಣದ ವಸ್ತು.

ದಾರಿಯ ಕಥೆ ಮಾತ್ರ ಮುಗಿಯಲಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ, ಅದೇ ಕಕ್ಕಡದ ಕೊನೆಯಲ್ಲಿ, ಮಕ್ಕಂದೂರು, ಮಾದಾಪುರ, ಜೋಡುಪಾಲಗಳ ಗುಡ್ಡಗಳು ಜರಿದುಬಿದ್ದುವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದುಹೋಗಿ, ಮಂಗಳೂರಿನ ದಿಕ್ಕು ಮುಚ್ಚಿತು. ಸೈನಿಕರೂ ವಿಪತ್ತು ದಳದವರೂ ಹಗ್ಗ ಕಟ್ಟಿ, ಹೆಗಲ ಮೇಲೆ ಹೊತ್ತು ಜನರನ್ನು ದಾಟಿಸಿದ ಚಿತ್ರಗಳನ್ನು ನಾವು ಕಂಡೆವು. ನೂರು ವರ್ಷದ ಹಿಂದಿನ ಜೋಲಿಯನ್ನು ಕಂಡಂತಾಯಿತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ಕೇರಳದ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಕೊಡಗಿನಿಂದ ಕಣ್ಣೂರಿಗೆ ಇಳಿಯುವ ಮಾಕುಟ್ಟದ ದಾರಿಯೂ ಮುಚ್ಚಿತು. ಆಸ್ಪತ್ರೆಗಾಗಿ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರು ತಲಪಾಡಿಯಲ್ಲಿ ತಡೆದು ನಿಂತರು. ಕೆಲವು ರೋಗಿಗಳು ಸತ್ತರು. ವ್ಯಾಜ್ಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್ ಮೊದಲ ವಾರದ ಕೊನೆಗೆ ತುರ್ತು ರೋಗಿಗಳಿಗೆ ದಾರಿ ಬಿಡುವುದೆಂದು ಒಪ್ಪಂದವಾಯಿತು. ಮಳೆ ಕಡಿದ ದಾರಿಯೂ ಮನುಷ್ಯರು ಮುಚ್ಚಿದ ದಾರಿಯೂ ಬಸುರಿಗೆ ಒಂದೇ. ಎರಡು ಗಂಟೆ ಎರಡೇ ಗಂಟೆ.

ಈಗಲೂ ತೀರ ತೊಡಕಾದವರನ್ನು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳಿಸುವುದುಂಟು. ರಾತ್ರಿ ಹೊತ್ತು ತಿತಿಮತಿ, ಸಿದ್ದಾಪುರದ ಕಡೆಯ ದಾರಿಯಲ್ಲಿ ಆನೆ ಅಡ್ಡ ನಿಂತರೆ ಡ್ರೈವರು ದೀಪ ಆರಿಸಿ ಕಾಯಬೇಕು. ಒಳಗಿರುವವಳಿಗೆ ಆ ಕಾಯುವಿಕೆ ಹೇಗಿರುತ್ತದೆಂದು ಗಂಡಸಾದ ನಾನು ಬರೆಯಲಾರೆ.

ತಿಳಿದ ಮನೆಗಳಲ್ಲಿ ಇದಕ್ಕೊಂದು ವ್ಯವಸ್ಥೆ ತಾನಾಗಿಯೇ ಬೆಳೆದಿದೆ. ಬಸುರಿಯ ಕೈಯಲ್ಲಿ ತಾಯಿ ಕಾರ್ಡು ಇರುತ್ತದೆ. ದಿನ ತುಂಬುವ ತಾರೀಖನ್ನು ಅದರಲ್ಲಿ ಬರೆದಿರುತ್ತಾರೆ. ಆ ತಾರೀಖು ಜುಲೈಗೋ ಆಗಸ್ಟಿಗೋ ಬಿದ್ದರೆ ಅತ್ತೆ ಮೊದಲು ಕೇಳುವುದು ಪೇಟೆಯಲ್ಲಿ ನಮ್ಮವರು ಯಾರಿದ್ದಾರೆ ಎಂದು. ಮಡಿಕೇರಿಯಲ್ಲಿ ಅಕ್ಕನ ಮನೆಯೋ, ಕುಶಾಲನಗರದಲ್ಲಿ ಚಿಕ್ಕಪ್ಪನ ಮನೆಯೋ ಗೊತ್ತಾಗುತ್ತದೆ. ಒಂದೇ ರಕ್ತದ ಗುಂಪಿನ ಇಬ್ಬರು ಮೂವರು ಹುಡುಗರ ಹೆಸರು ಚೀಟಿಯಲ್ಲಿ ಬರೆದಿಡುತ್ತಾರೆ. ಹೊಳೆ ಏರುವುದಕ್ಕೆ ಹದಿನೈದು ದಿನ ಮೊದಲೇ, ಒಂದು ಟ್ರಂಕು, ಒಂದು ಚೀಲ, ಹಳೆಯ ಮೆತ್ತನೆಯ ಸೀರೆಗಳ ಗಂಟು ಇವುಗಳೊಡನೆ ಬಸುರಿ ಜೀಪು ಹತ್ತುತ್ತಾಳೆ. ಮದ್ದು ಸೊಪ್ಪಿನ ಪಾಯಸವನ್ನು ಆ ವರ್ಷ ಡಬ್ಬಿಯಲ್ಲಿ ಹಾಕಿ ಅವಳಿದ್ದಲ್ಲಿಗೇ ಕಳಿಸುತ್ತಾರೆ.